ಕಾಸರಕೋಡ: ಕಡಿಮೆ ಖರ್ಚಿನಲ್ಲಿ ಕಡಲತೀರ ಮತ್ತು ಬಸದಿಗಳ ದರ್ಶನ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ದಕ್ಷಿಣ ದಡದಲ್ಲಿ ಸಿಗುವ ಊರು ಕಾಸರಕೋಡ. ಇಲ್ಲಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತ ಮೇಲೆ ಪ್ರವಾಸಿಗರು ಹೆಚ್ಚಿದ್ದಾರೆ. ಆದರೆ ಬಹುತೇಕರು ಕಡಲು ನೋಡಿ ಹಿಂದಿರುಗುತ್ತಾರೆ. ಒಂದು ಕಾಲದಲ್ಲಿ ಜೈನ ಅರಸರು ಆಳಿದ ಗೇರುಸೊಪ್ಪೆ, ಹಾಡುವಳ್ಳಿಗಳು ಹತ್ತಿರದಲ್ಲೇ ಇವೆ. ಎರಡು ದಿನ ಬಿಡುವಿದ್ದರೆ ಎಲ್ಲವನ್ನೂ ನೋಡಬಹುದು.

ತಲುಪುವುದು ಹೇಗೆ?
ಹೊನ್ನಾವರದಲ್ಲಿ ಕೊಂಕಣ ರೈಲು ನಿಲ್ದಾಣವಿದೆ. ಹೊನ್ನಾವರ–ಭಟ್ಕಳ ಮಾರ್ಗದ ಬಸ್ಸುಗಳು ಕಾಸರಕೋಡದ ಮೂಲಕ ಹೋಗುತ್ತವೆ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ.

ಮೊದಲ ದಿನ: ಕಡಲು, ಕಾಂಡ್ಲಾ, ಜಲಪಾತ
ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಅಪ್ಸರಕೊಂಡದ ಸಣ್ಣ ಜಲಪಾತವೂ ಸಮೀಪದಲ್ಲಿದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದು. ಮಳೆ ನಿಂತ ಮೇಲಿನ ತಿಂಗಳುಗಳು ಪ್ರವಾಸಕ್ಕೆ ಅನುಕೂಲ. ಚಳಿಗಾಲದಲ್ಲಿ ಇಲ್ಲಿ ಸಂಜೆ 6 ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ 5 ಗಂಟೆಗೇ ಊಟ ಮುಗಿಸಿ ಸೂರ್ಯಾಸ್ತ ನೋಡಲು ಹೋಗಿ. ಕಡಲತೀರದ ಹೋಟೆಲುಗಳಲ್ಲಿ ಮೀನಿನ ಅಡುಗೆಯೇ ಹೆಚ್ಚು. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಸೋಸಿದ ನೀರು ಮನೆಯಿಂದ ತಂದರೆ ಖರ್ಚೂ ಉಳಿಯುತ್ತದೆ, ನಿಯಮವೂ ಉಳಿಯುತ್ತದೆ.

ಎರಡನೆಯ ದಿನ: ಬಸದಿಗಳು
ಹೊನ್ನಾವರದಿಂದ ಜೋಗದ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿ ಗೇರುಸೊಪ್ಪೆ ಇದೆ. ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡ ಚೆನ್ನಭೈರಾದೇವಿಯ ರಾಜಧಾನಿ ಇದು. ನದಿಯಾಚೆ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೆ ಮುಖಮಾಡಿದ ಜಿನಬಿಂಬಗಳು. ಬಸ್ಸಿಳಿದ ಮೇಲೆ ಆಟೋ ಬೇಕಾಗುತ್ತದೆ. ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ.

ಮಧ್ಯಾಹ್ನ ಭಟ್ಕಳಕ್ಕೆ ಬಂದರೆ ಪೇಟೆಯಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಸಮಯವಿದ್ದರೆ ಸುಮಾರು 20 ಕಿ.ಮೀ. ಒಳಗಿರುವ ಹಾಡುವಳ್ಳಿಗೂ ಹೋಗಿಬನ್ನಿ. ಹಿಂದಿನ ಸಂಗೀತಪುರವಾದ ಇಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಇದೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ರಚಿಸಿದ ಭಟ್ಟಾಕಳಂಕರು ಇಲ್ಲಿನ ಮಠದವರು. ಬಸ್ಸುಗಳು ಕಡಿಮೆ, ಕೊನೆಯ ಬಸ್ಸಿನ ಹೊತ್ತನ್ನು ಭಟ್ಕಳ ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ.

ನಮ್ಮ ಹೊಣೆ
ಈ ಬಸದಿಗಳ ದರ್ಶನಕ್ಕೆ ಟಿಕೆಟ್ ಇಲ್ಲ. ಪೂಜೆ ನಡೆಯುವ ಕಡೆ ಎಣ್ಣೆಗೋ ಅಭಿಷೇಕಕ್ಕೋ ಕೈಲಾದಷ್ಟು ಕಾಣಿಕೆ ಕೊಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಕಲ್ಲಿನ ಮೇಲೆ ಕುಂಕುಮ, ಎಣ್ಣೆ ಹಚ್ಚಬೇಡಿ. ಕಾಡಿನ ನಡುವಿನ ಬಸದಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಜನರ ಓಡಾಟ. ಮಕ್ಕಳನ್ನು ಕಡಲಿಗೆ ಕರೆದೊಯ್ಯುವಾಗ ಒಂದು ದಿನವನ್ನು ಬಸದಿಗಳಿಗೂ ಮೀಸಲಿಡೋಣ.