ಫರ್ಮಾನು ಮುಗಿದು ರಿಟ್ ಬಂದ ಕಥೆ

"ಹೈಕೋರ್ಟಿನಿಂದ ಸ್ಟೇ ತಂದಾರಂತ." ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಚಹಾ ಅಂಗಡಿಗಳಲ್ಲಿ ಈ ಮಾತು ನಾವೆಲ್ಲ ಕೇಳಿದ್ದೇವೆ. ಸರ್ಕಾರದ ಆದೇಶವನ್ನಷ್ಟೇ ಅಲ್ಲ, ಶಾಸನಸಭೆ ಮಾಡಿದ ಕಾನೂನನ್ನೂ ಹೈಕೋರ್ಟು ರದ್ದು ಮಾಡಬಹುದು. ನಮ್ಮ ಅಜ್ಜ-ಮುತ್ತಜ್ಜರ ಕಾಲದಲ್ಲಿ ಹೀಗಿರಲಿಲ್ಲ.

ಆಗ ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ. ಹೈಕೋರ್ಟು ಇತ್ತು, ಮೂಸಿ ನದಿ ದಂಡೆಯ ಮೇಲೆ 1920ರಲ್ಲೇ ಅದಕ್ಕೆ ಭವ್ಯ ಕಟ್ಟಡವೂ ಆಗಿತ್ತು. ಆದರೆ ನಿಜಾಮರ ಫರ್ಮಾನೇ ಕಾನೂನು. ಅದು ಉಳಿದೆಲ್ಲ ಕಾನೂನುಗಳಿಗಿಂತ ಮೇಲು. ಅದನ್ನು ತಪ್ಪು ಎನ್ನುವ ಅಧಿಕಾರ ಯಾವ ಕೋರ್ಟಿಗೂ ಇರಲಿಲ್ಲ. 1955ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1949ರ ನವೆಂಬರ್ 23ರಂದು ನಿಜಾಮರು ಭಾರತದ ಸಂವಿಧಾನವನ್ನು ಒಪ್ಪಿದರು. ಒಪ್ಪಿದ್ದೂ ಒಂದು ಫರ್ಮಾನಿನಿಂದಲೇ! 1950ರ ಜನವರಿ 26ರಿಂದ ಎರಡು ವಿಧಿಗಳು ನಮಗೂ ಅನ್ವಯವಾದವು. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲದು ಎನ್ನುವುದು 13ನೇ ವಿಧಿ. ಆ ಹಕ್ಕಿಗಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ದಾರಿ ಕೊಟ್ಟದ್ದು 226ನೇ ವಿಧಿ.

ಪರೀಕ್ಷೆ ಬೇಗ ಬಂತು. ಪಾಯಿಗಾ ಮನೆತನದ ನವಾಬ ವಲಿಯುದ್ದೌಲಾ 1935ರಲ್ಲಿ ತೀರಿಕೊಂಡಿದ್ದರು. ನಾವೂ ಅವರ ಹೆಂಡಂದಿರು, ನಮಗೂ ಮಕ್ಕಳಿಗೂ ಪಾಲು ಬೇಕು ಎಂದು ಇಬ್ಬರು ಬೇಗಂಗಳು ಕೇಳಿದರು. ವಿಚಾರಣೆಗಳಾದವು, ಫರ್ಮಾನುಗಳು ಬಂದವು, ಜಗಳ ತೀರಲಿಲ್ಲ. ಕೊನೆಗೆ 1950ರಲ್ಲಿ ಹೈದರಾಬಾದಿನಲ್ಲಿ ಒಂದು ಕಾನೂನೇ ಬಂತು. ಅದರಲ್ಲಿ ಆ ಇಬ್ಬರ ಹೆಸರು ಬರೆದು, ಇವರ ಹಕ್ಕು ವಜಾ ಎಂದಿತ್ತು.

ಬೇಗಂಗಳು ಹೈದರಾಬಾದ್ ಹೈಕೋರ್ಟಿಗೆ ರಿಟ್ ಹಾಕಿದರು. ಊರಿನವರೆಲ್ಲ ಆಸ್ತಿ ಜಗಳಕ್ಕೆ ಕೋರ್ಟಿಗೆ ಹೋಗಬಹುದು, ಇವರಿಗೆ ಮಾತ್ರ ಬಾಗಿಲು ಮುಚ್ಚಿದ್ದು ಸಮಾನತೆಗೆ ವಿರುದ್ಧವಾಗಿತ್ತು. ಅವರ ಹಕ್ಕು ಕಿತ್ತುಕೊಂಡ ಮಟ್ಟಿಗೆ ಕಾನೂನು ಅಸಿಂಧು ಎಂದಿತು ಹೈಕೋರ್ಟು. 1952ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೂರೇ ವರ್ಷದ ಹಿಂದೆ ಇದು ಕನಸಿನ ಮಾತು.

ಆದರೆ ಅವರು ನವಾಬರ ಮನೆಯವರು, ಇದ್ದದ್ದೂ ಹೈದರಾಬಾದಿನಲ್ಲೇ. ನಮ್ಮ ರೈತರಿಗೆ? ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿಗೆ ರೈಲಾದರೂ ಇತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಹೈಕೋರ್ಟು ಸುಮಾರು 600 ಕಿ.ಮೀ. ದೂರದ ಬೆಂಗಳೂರಾಯಿತು. ಐದು ದಶಕ ಹೋರಾಡಿ, ಕಾದ ಮೇಲೆ 2008ರ ಜುಲೈನಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು.

ಈಗ ಶಹಾಬಾದಿನವರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ವಕೀಲರನ್ನು ಕಂಡು ಸಂಜೆಗೆ ಮನೆ ಸೇರಬಹುದು. ಅಧಿಕಾರ ಕೋರ್ಟಿಗೆ ಬಂದದ್ದು 1950ರಲ್ಲಿ. ಅದು ನಮ್ಮ ಕೈಗೆಟುಕಲು ಮತ್ತೆ 58 ವರ್ಷ ಬೇಕಾದವು.