ವಾಹನ ಹೊರಸೂಸುವಿಕೆ ತಗ್ಗಿಸುವ ಕಾರ್ಯಕ್ರಮಗಳ ವೆಚ್ಚ-ಪರಿಣಾಮಕಾರಿತ್ವ

ದಿನನಿತ್ಯ ಕೆಲಸಕ್ಕೆ ಹೋಗಿಬರುವವರ ವಾಹನಗಳಿಂದ ಉಂಟಾಗುವ ಮಾಲಿನ್ಯವನ್ನು ತಗ್ಗಿಸಲು ಕೈಗೊಂಡ ಕಾರ್ಯಕ್ರಮವೊಂದು ತನಗೆ ತಗಲುವ ವೆಚ್ಚಕ್ಕೆ ಪ್ರತಿಯಾಗಿ ಎಷ್ಟು ಮಾಲಿನ್ಯವನ್ನು ತಡೆಯುತ್ತದೆ ಎಂಬುದರ ಅಳತೆಯೇ ಅದರ ವೆಚ್ಚ-ಪರಿಣಾಮಕಾರಿತ್ವ. ಇದನ್ನು ಸಾಮಾನ್ಯವಾಗಿ ಒಂದು ಟನ್ ಮಾಲಿನ್ಯಕಾರಕವನ್ನು ತಡೆಯಲು ಬೇಕಾಗುವ ಹಣದ ರೂಪದಲ್ಲಿ ಸೂಚಿಸಲಾಗುತ್ತದೆ. ಲಾಭ-ವೆಚ್ಚ ವಿಶ್ಲೇಷಣೆಯಲ್ಲಿ ಆರೋಗ್ಯ ಮೊದಲಾದ ಪ್ರಯೋಜನಗಳಿಗೂ ಹಣದ ಬೆಲೆ ಕಟ್ಟಲಾಗುತ್ತದೆ. ಇಲ್ಲಿ ಹಾಗೆ ಮಾಡದೆ ಒಂದೇ ಗುರಿಯನ್ನು ತಲುಪುವ ಬೇರೆ ಬೇರೆ ಮಾರ್ಗಗಳನ್ನು ಹೋಲಿಸಲಾಗುತ್ತದೆ.

ಹಿನ್ನೆಲೆ

ಈ ಬಗೆಯ ಮೌಲ್ಯಮಾಪನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ವಾಯುಗುಣಮಟ್ಟ ಪ್ರಾಧಿಕಾರವು 1987ರಲ್ಲಿ ಅಂಗೀಕರಿಸಿದ 15ನೆಯ ನಿಯಮಾವಳಿಯು, ಒಂದೇ ಸ್ಥಳದಲ್ಲಿ 100 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ನೌಕರರ ಕಾರು ಪ್ರಯಾಣವನ್ನು ಕಡಿಮೆ ಮಾಡುವ ಯೋಜನೆ ರೂಪಿಸಬೇಕೆಂದು ವಿಧಿಸಿತು. 1990ರ ಶುದ್ಧ ವಾಯು ಕಾಯಿದೆಯ ತಿದ್ದುಪಡಿಗಳು ಓಝೋನ್ ಮಾಲಿನ್ಯ ತೀವ್ರವಾಗಿದ್ದ ಇತರ ಪ್ರದೇಶಗಳಿಗೂ ಇಂತಹ ಕ್ರಮವನ್ನು ಕಡ್ಡಾಯಗೊಳಿಸಿದವು. ವೆಚ್ಚಕ್ಕೆ ಹೋಲಿಸಿದರೆ ಫಲ ಅಲ್ಪವೆಂಬ ಆಕ್ಷೇಪಗಳ ನಡುವೆ, 1995ರಲ್ಲಿ ಅಮೆರಿಕದ ಸಂಸತ್ತು ಈ ಕಡ್ಡಾಯವನ್ನು ಸಡಿಲಿಸಿ ರಾಜ್ಯಗಳ ಇಚ್ಛೆಗೆ ಬಿಟ್ಟಿತು.

1991ರ ಸಾರಿಗೆ ಕಾಯಿದೆಯು ಸಂಚಾರ ದಟ್ಟಣೆ ನಿವಾರಣೆ ಮತ್ತು ವಾಯುಗುಣಮಟ್ಟ ಸುಧಾರಣಾ ಕಾರ್ಯಕ್ರಮವನ್ನು ಆರಂಭಿಸಿ, ಮೊದಲ ಆರು ವರ್ಷಗಳಿಗೆ 600 ಕೋಟಿ ಡಾಲರ್ ಒದಗಿಸಿತು. ಸಾರಿಗೆ ಸಂಶೋಧನಾ ಮಂಡಳಿಯು ಇದರ ಹತ್ತು ವರ್ಷಗಳ ಅನುಭವವನ್ನು ಪರಿಶೀಲಿಸಿ 2002ರಲ್ಲಿ ವರದಿ ಪ್ರಕಟಿಸಿತು.

ಲೆಕ್ಕಾಚಾರದ ವಿಧಾನ

ಮೂಲ ಸೂತ್ರ ಸರಳವಾಗಿದೆ:

ವೆಚ್ಚ-ಪರಿಣಾಮಕಾರಿತ್ವ = ವಾರ್ಷಿಕ ವೆಚ್ಚ ÷ ವರ್ಷದಲ್ಲಿ ತಡೆಯಲಾದ ಮಾಲಿನ್ಯಕಾರಕದ ತೂಕ

ಬಸ್ಸು, ನಿಲುಗಡೆ ತಾಣ ಮುಂತಾದ ಬಂಡವಾಳ ವೆಚ್ಚವನ್ನು ಅದರ ಬಾಳಿಕೆಯ ಅವಧಿಗೆ ಬಡ್ಡಿಸಹಿತ ಹಂಚಬೇಕು. ಉದಾಹರಣೆಗೆ, 10 ವರ್ಷ ಬಾಳುವ 1,00,000 ಡಾಲರ್ ಹೂಡಿಕೆಯು ಶೇ. 5ರ ದರದಲ್ಲಿ ವರ್ಷಕ್ಕೆ ಸುಮಾರು 12,950 ಡಾಲರ್ ಆಗುತ್ತದೆ, 10,000 ಅಲ್ಲ. ತಡೆಯಲಾದ ಮಾಲಿನ್ಯವನ್ನು ತಿಳಿಯಲು, ಕಡಿಮೆಯಾದ ಪ್ರಯಾಣದ ದೂರವನ್ನು ಪ್ರತಿ ಕಿಲೋಮೀಟರಿನ ಹೊರಸೂಸುವಿಕೆಯ ಪ್ರಮಾಣದಿಂದ ಗುಣಿಸಲಾಗುತ್ತದೆ.

ಒಂದು ಕಲ್ಪಿತ ಉದಾಹರಣೆ

ಒಂದು ಸಂಸ್ಥೆಯು ವರ್ಷಕ್ಕೆ 36,000 ಡಾಲರ್ ವೆಚ್ಚದಲ್ಲಿ ನೌಕರರಿಗೆ ಬಸ್ಸು ಒದಗಿಸುತ್ತದೆ ಎಂದುಕೊಳ್ಳೋಣ. 200 ನೌಕರರು ತಮ್ಮ ಕಾರುಗಳನ್ನು ಬಿಟ್ಟು ಅದರಲ್ಲಿ ಪ್ರಯಾಣಿಸುತ್ತಾರೆ. ದಿನಕ್ಕೆ ತಲಾ 30 ಕಿ.ಮೀ.ನಂತೆ 240 ದಿನಗಳಲ್ಲಿ 14,40,000 ಕಿ.ಮೀ. ಕಾರು ಪ್ರಯಾಣ ತಪ್ಪುತ್ತದೆ. ಕಾರಿನ ಹೊರಸೂಸುವಿಕೆ ಕಿ.ಮೀ.ಗೆ 0.5 ಗ್ರಾಂ ಆಗಿದ್ದರೆ ತಡೆಯಲಾದ ಮಾಲಿನ್ಯ 0.72 ಟನ್, ಪ್ರತಿ ಟನ್ನಿಗೆ 50,000 ಡಾಲರ್.

ಆದರೆ ಈ 200 ಜನರಲ್ಲಿ 50 ಮಂದಿ ಮೊದಲೇ ನಗರ ಸಾರಿಗೆಯಲ್ಲಿ ಬರುತ್ತಿದ್ದವರಾದರೆ, ಉಳಿತಾಯ 0.54 ಟನ್ನಿಗೆ ಇಳಿದು, ವೆಚ್ಚವು ಟನ್ನಿಗೆ ಸುಮಾರು 66,700 ಡಾಲರಿಗೆ ಏರುತ್ತದೆ. ಹೊಸ ಬಸ್ಸಿನ ಹೊಗೆಯನ್ನೂ ಕಳೆದರೆ ಫಲ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಕಾರ್ಯಕ್ರಮದಲ್ಲಿ ಭಾಗವಹಿಸಿದವರ ಸಂಖ್ಯೆಗಿಂತ, ಅದಿಲ್ಲದಿದ್ದರೆ ಅವರು ಹೇಗೆ ಪ್ರಯಾಣಿಸುತ್ತಿದ್ದರು ಎಂಬ ಪ್ರಶ್ನೆ ಮುಖ್ಯವಾದುದು.

ಫಲಿತಾಂಶಗಳು

ಮಂಡಳಿಯ ವರದಿಯ ಪ್ರಕಾರ, ವಾಹನಗಳ ತಪಾಸಣೆ ಮತ್ತು ದುರಸ್ತಿಯಂತಹ, ಹೊರಸೂಸುವಿಕೆಯನ್ನು ನೇರವಾಗಿ ನಿಯಂತ್ರಿಸುವ ಕ್ರಮಗಳು ಪ್ರಯಾಣದ ಅಭ್ಯಾಸವನ್ನು ಬದಲಿಸುವ ಕ್ರಮಗಳಿಗಿಂತ ಸಾಮಾನ್ಯವಾಗಿ ಅಗ್ಗವಾಗಿವೆ. ಆದರೂ ಒಂದೇ ಬಗೆಯ ಯೋಜನೆಗಳ ನಡುವೆಯೂ ಅಪಾರ ಅಂತರ ಕಂಡುಬಂದಿತು. ದೊರೆತ ಮಾಹಿತಿ ಸೀಮಿತವಾಗಿದ್ದುದನ್ನು ಗಮನಿಸಿದ ಸಮಿತಿಯು, ಕಾರ್ಯಕ್ರಮವನ್ನು ಮುಂದುವರಿಸಿ ಮೌಲ್ಯಮಾಪನವನ್ನು ಬಲಪಡಿಸಲು ಶಿಫಾರಸು ಮಾಡಿತು.

ಮಿತಿಗಳು

* ತಂಪು ಎಂಜಿನ್ನಿನ ಚಾಲನೆ: ಎಂಜಿನ್ ಬಿಸಿಯಾಗುವವರೆಗೆ ವೇಗವರ್ಧಕ ಪರಿವರ್ತಕವು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬರುವವರು ದೂರವನ್ನು ಉಳಿಸಿದರೂ ಈ ಆರಂಭಿಕ ಹೊಗೆ ಉಳಿಯುತ್ತದೆ.
* ತೆರವಾದ ರಸ್ತೆ: ದಟ್ಟಣೆ ಕಡಿಮೆಯಾದಾಗ ಬೇರೆ ವಾಹನಗಳು ಆ ಜಾಗವನ್ನು ತುಂಬಬಹುದು.
* ಶುದ್ಧವಾಗುತ್ತಿರುವ ವಾಹನಗಳು: ಹೊಸ ಕಾರುಗಳ ಹೊಗೆ ಕಡಿಮೆಯಾದಂತೆ, ಅಷ್ಟೇ ದೂರ ಉಳಿಸಿದರೂ ತಡೆಯಲಾಗುವ ಮಾಲಿನ್ಯ ಕಡಿಮೆ; ಆದ್ದರಿಂದ ಪ್ರತಿ ಟನ್ನಿನ ವೆಚ್ಚ ಕಾಲಕ್ರಮೇಣ ಏರುತ್ತದೆ.
* ಇತರ ಪ್ರಯೋಜನಗಳು: ಸಮಯದ ಉಳಿತಾಯ, ಅಪಘಾತಗಳ ಇಳಿಕೆ, ಕಾರಿಲ್ಲದವರಿಗೆ ದೊರೆಯುವ ಸೌಕರ್ಯ ಇವು ಈ ಅಳತೆಯಲ್ಲಿ ಸೇರುವುದಿಲ್ಲ.
* ಸ್ಥಳದ ವ್ಯತ್ಯಾಸ: ಜನನಿಬಿಡ ಬಡಾವಣೆಯಲ್ಲಿ ತಡೆದ ಒಂದು ಟನ್ನೂ ನಿರ್ಜನ ಹೆದ್ದಾರಿಯಲ್ಲಿ ತಡೆದ ಒಂದು ಟನ್ನೂ ಲೆಕ್ಕದಲ್ಲಿ ಸಮಾನ, ಉಸಿರಾಡುವವರ ಆರೋಗ್ಯದ ದೃಷ್ಟಿಯಿಂದ ಸಮಾನವಲ್ಲ.

ಈ ಕಾರಣಗಳಿಂದ ಪ್ರತಿ ಟನ್ನಿನ ವೆಚ್ಚವು ಸಾರ್ವಜನಿಕ ಹಣದ ಹಂಚಿಕೆಗೆ ಒಂದು ಉಪಯುಕ್ತ ಮಾನದಂಡವಾದರೂ, ಅದೊಂದನ್ನೇ ಆಧರಿಸಿ ಯೋಜನೆಗಳನ್ನು ಆರಿಸುವುದು ಅಥವಾ ಕೈಬಿಡುವುದು ಸಮಂಜಸವೆನಿಸುವುದಿಲ್ಲ.