ಮೊರಕ್ಕೆ ಬಳಿದ ಕಾಗದ

ಬಿದಿರಿನ ಮೊರ ಹಳತಾಯಿತೆಂದು ಎಸೆಯುವ ಪದ್ಧತಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ಮನೆಗಳಲ್ಲಿ ಇರಲಿಲ್ಲ. ಹೆಣಿಗೆ ಸಡಿಲಗೊಂಡು ರಾಗಿ ಸೋರತೊಡಗಿದರೆ ಹಳೆಯ ಕಾಗದ ಬಳಿದು ಅದನ್ನು ಹೊಸದು ಮಾಡುತ್ತಿದ್ದರು. ಕಾಗದವನ್ನು ಚೂರು ಮಾಡಿ ಎರಡು ಮೂರು ದಿನ ನೀರಲ್ಲಿಟ್ಟು, ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಬೇಕು. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲವೆಂದು ದಾದಿಯರು ಹೇಳುತ್ತಿದ್ದರು. ಆ ಮುದ್ದೆಯನ್ನು ಒದ್ದೆ ಕೈಯಲ್ಲಿ ತೆಳ್ಳಗೆ ಬಳಿದು ಬಿಸಿಲಿಗಿಡುವುದು, ಒಣಗಿದ ಮೇಲೆ ಇನ್ನೊಂದು ಸಲ ಬಳಿಯುವುದು. ಕೊನೆಯ ಪದರಕ್ಕೆ ಮಾತ್ರ ರುಬ್ಬದ ಕಾಗದದ ತುಂಡುಗಳನ್ನೇ ಅಂಟಿಸುತ್ತಿದ್ದರು. ಮನೆಯಲ್ಲಿ ಮದುವೆಯಿದ್ದರೆ ಅಂಚಿಗೆ ಬಣ್ಣದ ಕಾಗದದ ಹೂವು, ಬೇಗಡೆ. ನಾವು ಸೂಪ್ ಎನ್ನುತ್ತಿದ್ದೆವು, ಪಕ್ಕದ ಗೌಡರ ಮನೆಯಲ್ಲಿ ಮೊರ. ಬಳಿಯುವ ಕ್ರಮ ಒಂದೇ.

ಇಷ್ಟು ಕಾಗದ ಮನೆಗೆ ಬಂದದ್ದಾದರೂ ಎಲ್ಲಿಂದ? ಕಾಗದವೆಂಬ ಮಾತೇ ಫಾರ್ಸಿಯ 'ಕಾಗಜ್'ನ ನಂಟಿನದು. ಕಾಗದ ಬಂದ ಮೇಲೂ ಬಹುಕಾಲ ಕನ್ನಡ ನಾಡಿನ ಲೆಕ್ಕಗಳು ಕಡತಗಳಲ್ಲಿಯೇ ಇದ್ದವು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಿಂದ ಬರೆಯುವ ಪುಸ್ತಕವದು. 1880ರ ದಶಕದ ಕೊನೆಗೆ ಕಡೂರು, ಅಜ್ಜಂಪುರಕ್ಕೆ ರೈಲು ಬಂತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೂ ಹೋಯಿತು. ಅದೇ ಹಾದಿಯ ಭದ್ರಾವತಿಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕಾಗದ ಹೀಗೆ ನಮ್ಮ ಪಕ್ಕದಲ್ಲೇ ಹುಟ್ಟತೊಡಗಿತು.

ಆದರೆ ಎಲ್ಲ ಕಾಗದವೂ ಒರಳಿಗೆ ಬೀಳುತ್ತಿರಲಿಲ್ಲ. ಉರ್ದು ಅಕ್ಷರ ಕಂಡರೆ ಹೆಂಗಸರು ತೆಗೆದು ಪಕ್ಕಕ್ಕಿಡುತ್ತಿದ್ದರು. ಅದರಲ್ಲಿ ಅಲ್ಲಾಹನ ಹೆಸರಿರಬಹುದು, ತುಳಿದರೆ, ರುಬ್ಬಿದರೆ ಬೇಅದಬಿ. ಅವೆಲ್ಲ ಗಂಟು ಕಟ್ಟಿಸಿಕೊಂಡು ಬಾವಿಗೋ ಕೆರೆಗೋ ಹೋಗುತ್ತಿದ್ದವು. ಮೆಂತ್ಯದ ಜೊತೆ ಸೇರಿದ್ದು ಕನ್ನಡ ಪತ್ರಿಕೆ, ಮಕ್ಕಳ ಶಾಲೆಯ ಪುಸ್ತಕ, ಅಂಗಡಿಯ ಲೆಕ್ಕದ ಹಾಳೆ, ಕಂದಾಯದ ರಸೀದಿ. ಗೌರವದಿಂದ ಕೆಲವನ್ನು, ಉಪಯೋಗಕ್ಕೆಂದು ಕೆಲವನ್ನು, ಅಂತೂ ಎಲ್ಲವನ್ನೂ ಕಳೆದುಕೊಂಡೆವು!

ಇದು ಸಣ್ಣ ನಷ್ಟವೆಂದು ನಮಗೆ ಅನಿಸುವುದಿಲ್ಲ. ಆಗ ಕಡೂರು ಜಿಲ್ಲೆಗೇ ಸೇರಿದ್ದ ಶೃಂಗೇರಿಯ ಮಠದಲ್ಲಿ, ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಜೋಪಾನವಾಗಿದ್ದವು. 1916ರಲ್ಲಿ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಸುಲ್ತಾನನ ಮಾತು ಉಳಿಯಿತು, ಏಕೆಂದರೆ ಮಠಕ್ಕೆ ಉಗ್ರಾಣವಿತ್ತು. ಈ ಮೂರು ಊರುಗಳ ಗಾಡಿ ಹೊಡೆಯುವವರು, ಬೀಡಿ ಕಟ್ಟುವವರು, ಸಂತೆಯಲ್ಲಿ ಬಟ್ಟೆ ಮಾರುವವರು ಯಾರಿಗೆ ಎಷ್ಟು ಕೊಟ್ಟರು, ಯಾರಿಂದ ಎಷ್ಟು ಪಡೆದರು ಎಂಬುದಕ್ಕೆ ಚೀಟಿಯೂ ಸಿಗುವುದಿಲ್ಲ. ನಮ್ಮ ಹೆಂಗಸರನ್ನು ದೂರುವುದು ಬೇಡ. ಒಂದು ಮೊರಕ್ಕೆ ಕೊಡಬೇಕಾದ ದುಡ್ಡು ಅವರಿಗೆ ದೊಡ್ಡದೇ ಆಗಿತ್ತು.

ಭದ್ರಾವತಿಯ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಅದಕ್ಕೆ ಎಷ್ಟೋ ಮೊದಲೇ ಪ್ಲಾಸ್ಟಿಕ್ ಮೊರ ಬಂದಿತ್ತು. ಅಜ್ಜಂಪುರದ ನಮ್ಮ ನೆಂಟರ ಅಟ್ಟದಲ್ಲಿ ಒಂದು ಹಳೆಯ ಸೂಪ್ ಇದೆ. ಅದರ ಬೆನ್ನಿನ ಮೇಲೆ, ಬೇಗಡೆಯ ಹೂವಿನ ಕೆಳಗೆ, ಯಾವುದೋ ಅಂಗಡಿಯ ಲೆಕ್ಕದ ಅರ್ಧ ಸಾಲು ಓದಲು ಬರುತ್ತದೆ: ರಾಗಿ, ನಾಲ್ಕು ಪಲ್ಲ, ಬಾಕಿ. ಯಾರ ಬಾಕಿಯೋ, ಹೆಸರಿದ್ದ ಕಡೆ ಕಾಗದ ಹರಿದಿದೆ.